ಬದು ಕಾಣದ ತೋಟ



ತೆಂಗಳಿ, ಸೇಡಂ, ಚಿತ್ತಾಪುರದ ಕಡೆಯ ರೈತರಿಗೆ ಹೊಲದ ಬದುವಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ನೆರೆಯವನು ವರ್ಷಕ್ಕೊಂದು ಸಾಲು ಒತ್ತಿ ಉತ್ತರೆ ಸಾಕು, ಹತ್ತು ವರ್ಷದಲ್ಲಿ ತೊಗರಿ ಹೊಲದ ಅಂಚು ಎಲ್ಲಿತ್ತೆಂಬುದೇ ತಿಳಿಯದು. ಬೆಂಗಳೂರಿನ ಕಬ್ಬನ್ ಪಾರ್ಕಿನ ಇತಿಹಾಸವೂ ಇಂಥದೇ ಒಂದು ಬದುವಿನ ಕತೆ.

ಈ ಉದ್ಯಾನದ ಮಾದರಿ ಹುಟ್ಟಿದ್ದು 18ನೇ ಶತಮಾನದ ಇಂಗ್ಲೆಂಡಿನಲ್ಲಿ. ಅಲ್ಲಿನ ಜಮೀನುದಾರರು ಗೆರೆ ಎಳೆದಂತಿದ್ದ ಹೂಪಾತಿಗಳನ್ನು ತೆಗೆಸಿ, ಬಂಗಲೆಯ ಸುತ್ತ ಹುಲ್ಲುಗಾವಲು, ಮರಗಳ ಗುಂಪು, ಅಂಕುಡೊಂಕಿನ ಕೆರೆಗಳನ್ನು ಮಾಡಿಸಿದರು. ಈ ಕೆಲಸದಲ್ಲಿ ದೊಡ್ಡ ಹೆಸರು ಲ್ಯಾನ್ಸ್‌ಲಾಟ್ ಬ್ರೌನ್ (1716–1783) ಎಂಬಾತನದು. ಬೇಲಿ ಕಣ್ಣಿಗೆ ಬೀಳಬಾರದೆಂದು ಕಂದಕ ತೋಡಿ, ಅದರೊಳಗೇ ಗೋಡೆ ಕಟ್ಟುತ್ತಿದ್ದರು. ದನಕರು ದಾಟಿ ಬರಲಾರವು. ಕಿಟಕಿಯಲ್ಲಿ ನಿಂತ ಒಡೆಯನಿಗೆ ಮಾತ್ರ ಕಣ್ಣು ಹಾಯುವಷ್ಟೂ ತನ್ನದೇ ನೆಲ. ನೋಟಕ್ಕೆ ಜನರು ಅಡ್ಡಬಂದರೆ ಅವರನ್ನೂ ಎಬ್ಬಿಸಿದ್ದುಂಟು. ಡಾರ್ಸೆಟ್ ಸೀಮೆಯ ಮಿಲ್ಟನ್‌ನಲ್ಲಿ ಜೋಸೆಫ್ ಡೇಮರ್ ಎಂಬ ಒಡೆಯ ಮನೆಯ ಪಕ್ಕದ ಪೇಟೆಯನ್ನೇ ಕೆಡವಿಸಿ, ಮರೆಯ ಕಣಿವೆಯಲ್ಲಿ ಹೊಸ ಊರು ಕಟ್ಟಿಸಿದ.

ಮೈಸೂರು ರಾಜ್ಯದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1870ರಲ್ಲಿ ಬೆಂಗಳೂರಿನಲ್ಲಿ ಉದ್ಯಾನ ರೂಪಿಸಿದಾಗ ಹುಲ್ಲು, ಮರ, ಬಾಗುದಾರಿಗಳ ಈ ನೋಟವೇ ಬಂತು. ಆದರೆ ಇಲ್ಲಿ ನೋಡಿ ಆನಂದಿಸಲು ಒಬ್ಬ ಒಡೆಯನಿರಲಿಲ್ಲ. ಅದು ಸಾರ್ವಜನಿಕರ ಉದ್ಯಾನವಾಯಿತು. ಮೊದಲು ಕಮಿಷನರ್ ಮೀಡ್‌ನ ಹೆಸರು, ಆಮೇಲೆ ಮಾರ್ಕ್ ಕಬ್ಬನ್‌ನ ಹೆಸರು ಬಂತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾದರೂ ಜನರ ಬಾಯಲ್ಲಿ ಕಬ್ಬನ್ ಪಾರ್ಕೇ ಉಳಿಯಿತು.

ಒಬ್ಬರದಲ್ಲದ ಹೊಲದ ಬದು ಕಾಯುವವರು ಯಾರು? ವಸ್ತುಸಂಗ್ರಹಾಲಯ ಬಂತು, 1915ರಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ಎದ್ದಿತು, ಕ್ಲಬ್ಬು ಬಂತು, ಬಾಲಭವನ ಬಂತು. ಪ್ರತಿಯೊಂದಕ್ಕೂ ಒಂದು ಕಾರಣವಿತ್ತು. ಪ್ರತಿಯೊಂದೂ ಒಂದು ಸಾಲು ಒತ್ತಿತು.

1975ರಲ್ಲಿ ರಾಜ್ಯ ಸರ್ಕಾರ ಉದ್ಯಾನಗಳ ಸಂರಕ್ಷಣೆಗೆಂದೇ ಕಾಯಿದೆ ಮಾಡಿ ಕಬ್ಬನ್ ಪಾರ್ಕಿಗೆ ಕಾಗದದ ಮೇಲೊಂದು ಬದು ಹಾಕಿತು. 1998ರಲ್ಲಿ ಸರ್ಕಾರವೇ ಅದರ ಒಂದು ಭಾಗವನ್ನು ಬದುವಿನ ಹೊರಗಿಡಲು ಹೊರಟಾಗ ಸಾಮಾನ್ಯ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ಇಂಗ್ಲೆಂಡಿನಲ್ಲಿ ಉದ್ಯಾನಕ್ಕಾಗಿ ಜನರನ್ನು ಎಬ್ಬಿಸಿದ್ದರು. ಇಲ್ಲಿ ಉದ್ಯಾನಕ್ಕಾಗಿ ಜನರೇ ಎದ್ದರು.

ಕಾಗದದ ಬದುವಿಗೂ ಕಾವಲು ಬೇಕು. ಊರೂರಿನ ಕೆರೆಯಂಗಳ, ಗೋಮಾಳಗಳಿಗೂ ಈ ಮಾತು ಸಲ್ಲುತ್ತದೆ.