ಬದುವಿನ ಮೇಲಿನ ಕ್ಯಾಮೆರಾ

ವಸಂತನರಸಾಪುರದಲ್ಲಿ ರಾಗಿ ಹೊಲದ ಬದುವಿನ ಮೇಲೆ ನನ್ನ ಹಳೆಯ ಕ್ಯಾಮೆರಾ ನಿಂತಿದೆ. ಹತ್ತು ಸೆಕೆಂಡಿಗೊಂದು ಚಿತ್ರ, ಗಂಟೆಗೆ 360. ಸೆಕೆಂಡಿಗೆ 24ರಂತೆ ಓಡಿಸಿದರೆ ಇಡೀ ಗಂಟೆ 15 ಸೆಕೆಂಡಿನಲ್ಲಿ ಕಣ್ಮುಂದೆ ಹಾಯುತ್ತದೆ.

ಕ್ಯಾಮೆರಾ ನಡೆಸುವುದು ಊಟದ ಡಬ್ಬಿಯಲ್ಲಿ ಕೂರಿಸಿದ ಆರ್ಡುಯಿನೋ ಬೋರ್ಡು. ಬ್ಯಾಟರಿ ಬಿಚ್ಚಿದರೆ ಹೊತ್ತು ಮರೆಯುತ್ತಿತ್ತು. ಈ ವಾರ ಗಡಿಯಾರದ ಚಿಪ್ ಬೆಸೆದೆ. ಬಟನ್ ಸೆಲ್ಲೊಂದು ಅದರ ಜೀವ ಕಾಯುತ್ತದೆ. ಶಟರ್ ಒತ್ತಲು ಟಕ್ ಎನ್ನುತ್ತಿದ್ದ ರಿಲೇ ಹೋಗಿ ಆಪ್ಟೋಕಪ್ಲರ್ ಬಂದಿದೆ. ಅದರೊಳಗೆ ಸಂದೇಶ ಒಯ್ಯುವುದು ಒಂದು ಪುಟ್ಟ ಬೆಳಕು.

ಇಲ್ಲಿನ ಫುಡ್ ಪಾರ್ಕ್ ಉದ್ಘಾಟನೆಯಾದದ್ದು 2014ರ ಸೆಪ್ಟೆಂಬರ್ 24ರಂದು. ಅದೇ ದಿನ ಬೆಳಿಗ್ಗೆ ಮಂಗಳಯಾನ ತನ್ನ ಕ್ಯಾಮೆರಾ ಹೊತ್ತು ಮಂಗಳನ ಕಕ್ಷೆ ಸೇರಿತ್ತು. ಅದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನಿನ್ನೆಯ ಚಿತ್ರಗಳಲ್ಲಿ ತೆನೆಯ ಇಬ್ಬನಿ ಆರುತ್ತಿದೆ, ಹಿಂದೆ ಫುಡ್ ಪಾರ್ಕ್‌ನ ಮೊದಲ ಪಾಳಿಯ ಬಸ್ಸು ಬರುತ್ತಿದೆ.