ಕೆಚ್ಚಲು ಬಾವಿಗೆ ಹೋಮಿಯೋಪಥಿ ಸಾಕೇ?
(ಹೈನುಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಹಸುವಿಗೆ ಕೆಚ್ಚಲು ಬಾವು ಬಂದಾಗ ಹೋಮಿಯೋಪಥಿ ಔಷಧಿ ಕೊಡಬಹುದೇ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಕೇಳುವುದಕ್ಕೆ ಕಾರಣವೂ ಇದೆ. ಬೆಲೆ ಕಡಿಮೆ, ಕೊಡುವುದು ಸುಲಭ, ಹಾಲನ್ನು ಚೆಲ್ಲಬೇಕಾಗಿಲ್ಲ.

ಈ ಪದ್ಧತಿಯ ಮೂಲತತ್ವವನ್ನು ಜರ್ಮನಿಯ ವೈದ್ಯ ಸ್ಯಾಮುಯೆಲ್ ಹಾನಿಮನ್ 1796ರಲ್ಲಿ ಮುಂದಿಟ್ಟರು. ಆರೋಗ್ಯವಂತನಲ್ಲಿ ಕೆಲವು ಲಕ್ಷಣಗಳನ್ನು ಉಂಟುಮಾಡುವ ವಸ್ತು ಅಂಥದೇ ಲಕ್ಷಣಗಳಿರುವ ರೋಗಿಯನ್ನು ಗುಣಪಡಿಸುತ್ತದೆ ಎಂಬುದೇ ಆ ತತ್ವ. ರಕ್ತ ತೆಗೆಯುವುದೇ ಚಿಕಿತ್ಸೆಯಾಗಿದ್ದ ಆ ಕಾಲದಲ್ಲಿ ಈ ಸೌಮ್ಯ ಪದ್ಧತಿಯನ್ನು ಜನ ಮೆಚ್ಚಿದ್ದು ಸಹಜ.

ಔಷಧಿ ತಯಾರಿಸುವ ಕ್ರಮವನ್ನು ನೋಡೋಣ. ಒಂದು ಭಾಗ ಮೂಲದ್ರವಕ್ಕೆ 99 ಭಾಗ ನೀರು ಅಥವಾ ಮದ್ಯಸಾರ ಬೆರೆಸಿ ಕುಲುಕುತ್ತಾರೆ. ಅದರಲ್ಲಿ ಒಂದು ಭಾಗ ತೆಗೆದು ಮತ್ತೆ 99 ಭಾಗ ಬೆರೆಸುತ್ತಾರೆ. '30 ಸಿ' ಎಂದರೆ ಹೀಗೆ 30 ಸಲ. ಸುಮಾರು 12 ಸಲ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವೂ ಉಳಿಯುವ ಸಂಭವವಿಲ್ಲ. ನೀರು ಹೆಚ್ಚಿಸಿದಷ್ಟೂ ಸಿಂಪರಣೆಯ ಔಷಧಿ ಸಪ್ಪೆಯಾಗುವುದನ್ನು ನೀವೇ ಬಲ್ಲಿರಿ.

ಪ್ರಯೋಗಗಳು ಏನು ಹೇಳುತ್ತವೆ? ಜಾನುವಾರುಗಳ ಮೇಲೆ ನಡೆದ 52 ಪ್ರಯೋಗಗಳ ಸಮೀಕ್ಷೆಯೊಂದು 2016ರಲ್ಲಿ ಪ್ರಕಟವಾಯಿತು. 28ರಲ್ಲಿ ಹೋಮಿಯೋಪಥಿಯಿಂದ ಗುಣ ಕಂಡಿತ್ತು, 22ರಲ್ಲಿ ಕಂಡಿರಲಿಲ್ಲ. ಆದರೆ ಯಾವ ಪ್ರಯೋಗವನ್ನೂ ಅಂಥದೇ ಪರಿಸ್ಥಿತಿಯಲ್ಲಿ ಮತ್ತೆ ಮಾಡಿ ದೃಢಪಡಿಸಿರಲಿಲ್ಲ.

"ನಮ್ಮ ಹಸು ವಾಸಿಯಾಯಿತಲ್ಲ?" ಎನ್ನಬಹುದು. ಸೌಮ್ಯ ಬಾವು ಕೆಲವೊಮ್ಮೆ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ಗುಳಿಗೆಗೆ. ತೀವ್ರ ಬಾವು ಹಾಗಲ್ಲ. ಕೆಚ್ಚಲು ಗಟ್ಟಿಯಾಗಿ, ಜ್ವರ ಬಂದು, ಹಸು ಮೇವು ಬಿಟ್ಟರೆ ಅದೇ ದಿನ ಪಶುವೈದ್ಯರನ್ನು ಕರೆಸಿ. ಗುಳಿಗೆ ಹಾಕಿ ಕಾದರೆ ಆ ಮೊಲೆಯ ಹಾಲು ಶಾಶ್ವತವಾಗಿ ನಿಲ್ಲಬಹುದು, ಹಸುವೇ ಸಾಯಲೂಬಹುದು. ಚುಚ್ಚುಮದ್ದು ಕೊಡಿಸಿದರೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬೇಡಿ, ಮನೆಗೂ ಬಳಸಬೇಡಿ. ಅದು ಕೆಲವು ದಿನಗಳ ನಷ್ಟ. ಮೊಲೆ ಕೆಟ್ಟರೆ ಹಸು ಇರುವಷ್ಟು ಕಾಲ ನಷ್ಟ.

ಬಾವು ಬಾರದಂತೆ ನೋಡಿಕೊಳ್ಳುವುದೇ ಅಗ್ಗದ ಔಷಧಿ. ಮೊದಲ ಧಾರೆಗಳನ್ನು ಕಪ್ಪು ಬಟ್ಟಲಿಗೆ ಹಿಂಡಿ, ಗರಣೆ ಇದೆಯೇ ನೋಡಿ. ಹಿಂಡಿದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಅರ್ಧ ಗಂಟೆ ಹಸು ಮಲಗದಂತೆ ಮುಂದೆ ಮೇವು ಹಾಕಿ. ಬಾವು ಬಂದ ಹಸುವನ್ನು ಕೊನೆಯಲ್ಲಿ ಹಿಂಡಿ.