ಬರದ ಬೆನ್ನಿಗೆ ಬಂದ ಉಗಿಬಂಡಿ

ವರದೆಯು ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥವೆಂಬ ಊರಿದೆ. ಗಳಗೇಶ್ವರನ ಗುಡಿಯ ಬಳಿ ನಿಂತು ಎರಡು ಹೊಳೆಗಳ ನೀರನ್ನು ಕಂಡವರಿಗೆ, ಈ ನಾಡಿಗೂ ಬರ ಬಂದೀತೇ ಎನಿಸುವುದು ಸಹಜ. ಆದರೆ ಬರ ಬಂದಿತ್ತು. ಅದರ ಬೆನ್ನಿಗೇ ಉಗಿಬಂಡಿಯೂ ಬಂದಿತು. ಇವೆರಡರ ನಂಟನ್ನು ಕೇಳುಗರ ಮುಂದಿಡುವುದು ಈ ಹೊತ್ತಿನ ನನ್ನ ಉದ್ದೇಶ.

1876ರಿಂದ 1878ರವರೆಗಿನ ಆ ಬರ ಧಾತು, ಈಶ್ವರ ಸಂವತ್ಸರಗಳದ್ದು. ಇದೇ ಊರಿನ ಹೆಸರಿನಿಂದ ಪ್ರಸಿದ್ಧರಾದ ಕಾದಂಬರಿಕಾರ ಗಳಗನಾಥರು ಹುಟ್ಟಿದ್ದು 1869ರಲ್ಲಿ. ಆಗ ಅವರಿನ್ನೂ ಏಳೆಂಟು ವರುಷದ ಬಾಲಕರು. ಹಾವೇರಿಯ ಸೀಮೆಗೆ ರೈಲಿರಲಿಲ್ಲ. ಕಾಳು ತರಲು ಎತ್ತಿನ ಬಂಡಿಯೇ ಗತಿ. ಎತ್ತುಗಳಿಗಾದರೋ ದಾರಿಯಲ್ಲಿ ಮೇವಿಲ್ಲ, ನೀರಿಲ್ಲ. ಬೇರೆಡೆ ಕಾಳಿದ್ದರೂ ಹಸಿದವನ ಮನೆಗೆ ಅದು ಮುಟ್ಟುವ ಬಗೆ ಕಾಣದಾಯಿತು.

ಬರ ಕಳೆದ ಮೇಲೆ, 1880ರ ಕ್ಷಾಮ ಆಯೋಗವು ರೈಲುದಾರಿಗಳನ್ನು ಬೆಳೆಸಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಆ ದಶಕದಲ್ಲೇ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣಿಬೆನ್ನೂರುಗಳ ಮೇಲೆ ಹರಿಹರಕ್ಕೆ ಹಳಿ ಬಿತ್ತು. ದೊಡ್ಡ ಹಳಿಯ ಅಗಲ ಐದೂವರೆ ಅಡಿ. ಇದರದು ಒಂದೇ ಮೀಟರು, ಎಂದರೆ ಮೂರೂಕಾಲು ಅಡಿಗಿಂತ ತುಸು ಹೆಚ್ಚು. ಖರ್ಚು ಉಳಿಯಲೆಂದು ವೈಸರಾಯ್ ಮೇಯೋ ಅವರ ಕಾಲದಲ್ಲಿ ಆರಿಸಿದ ಅಳತೆ ಅದು.

ಮೀಟರು ಹಳಿಗಳ ಮೇಲೆ ಆ ಕಾಲದಲ್ಲಿ ಹೆಸರಾದುದು ‘ಎಫ್’ ವರ್ಗದ ಇಂಜಿನ್ನು. ಮೂರು ಜೋಡಿ ಗಾಲಿಗಳನ್ನು ಸರಳುಗಳಿಂದ ಒಂದಕ್ಕೊಂದು ಕೂಡಿಸಿರುವುದರಿಂದ, ಒಂದೇ ಬಂಡಿಗೆ ಹೂಡಿದ ಮೂರು ಜೋಡಿ ಎತ್ತುಗಳಂತೆ ಆರೂ ಒಟ್ಟಿಗೆ ಎಳೆಯುತ್ತವೆ. ಉಗಿಯು ಪಿಸ್ಟನ್ನನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಳ್ಳುತ್ತದೆ. ಕೆಲಸ ತೀರಿದ ಉಗಿ ಚಿಮಣಿಯಿಂದ ಚಿಮ್ಮುವಾಗ ಒಲೆಯ ಬೆಂಕಿಗೆ ಗಾಳಿಯನ್ನೂ ಸೆಳೆಯುತ್ತದೆ. ಮಕ್ಕಳು ‘ಛುಕ್ ಛುಕ್’ ಎಂದು ಅನುಕರಿಸುವುದು ಈ ಉಸಿರನ್ನೇ. ಹೀಗೆ ಹೋದ ಉಗಿ ಮರಳಿ ಬಾರದು. ಆದುದರಿಂದ ದಾರಿಯ ನಿಲ್ದಾಣಗಳಲ್ಲಿ ಇಂಜಿನ್ನಿಗೆ ನೀರೂಡಿಸಲೇಬೇಕು.

ಬರವನ್ನು ನೀಗಲು ಬಂದ ಯಂತ್ರಕ್ಕೂ ನೀರೇ ಪ್ರಾಣವೆಂಬುದನ್ನು ಗಮನಿಸಬೇಕು. ಗೋದಾವರಿಗೆ ಅಣೆಕಟ್ಟು ಕಟ್ಟಿಸಿದ ಸರ್ ಆರ್ಥರ್ ಕಾಟನ್ನರು 1878ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ, ರೈಲಿಗಿಂತ ಕಾಲುವೆಗಳಿಗೆ ಹಣ ಹಾಕುವುದು ಮೇಲೆಂದು ವಾದಿಸಿದ್ದರು. ಅವರ ಮಾತಿನಲ್ಲಿ ಹುರುಳಿತ್ತು. ರೈಲು ಕಾಳನ್ನು ತರಬಲ್ಲದು. ಬೆಲೆ ಹೆಚ್ಚಿದ್ದ ಕಡೆಗೆ ಒಯ್ಯಲೂ ಬಲ್ಲದು. ಕೈಯಲ್ಲಿ ಕಾಸಿಲ್ಲದವನೆದುರು ಕಾಳು ತುಂಬಿದ ಡಬ್ಬಿ ನಿಂತರೆ ಫಲವೇನು? 1896ರಲ್ಲಿಯೂ 1899ರಲ್ಲಿಯೂ, ರೈಲಿದ್ದ ಮುಂಬಯಿ ಪ್ರಾಂತಕ್ಕೆ ಕ್ಷಾಮ ತಪ್ಪಲಿಲ್ಲ.

ಹಾಗೆಂದು ಉಗಿಬಂಡಿಯ ಋಣ ಸಣ್ಣದಲ್ಲ. ಬ್ಯಾಡಗಿಯ ಮೆಣಸಿನಕಾಯಿಗೂ ನಮ್ಮ ಹತ್ತಿಗೂ ದೂರದ ಪೇಟೆಗಳ ದಾರಿ ತೆರೆದದ್ದು ಅದು. 1990ರ ದಶಕದಲ್ಲಿ ಈ ದಾರಿಯ ಮೀಟರು ಹಳಿ ಹೋಗಿ ದೊಡ್ಡ ಹಳಿ ಬಂದಿತು. ಉಗಿಯ ಉಸಿರು ಅಡಗಿದೆ. ಅದು ಕಲಿಸಿದ ಪಾಠ ಮಾತ್ರ ಉಳಿದಿದೆ. ಬಂಡಿ ತರುವುದು ಬೇರೊಬ್ಬರು ಬೆಳೆದ ಕಾಳನ್ನು. ನಮ್ಮ ಹೊಲದಲ್ಲಿ ಕಾಳು ಬೆಳೆಯಬೇಕಾದರೆ, ಗಳಗನಾಥದ ಮುಂದೆ ಹರಿದುಹೋಗುವ ನೀರನ್ನು ನಾವು ಬಲ್ಲವರಾಗಿ ಬಳಸಬೇಕು.